ಗೊಂಬೆಯವರ ತೋಟದಲ್ಲಿ ಮೂರು ವಾರ: ಪ್ರವಾಸಿ ವೀಸಾದಲ್ಲಿ ಇರಬಹುದೆ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ವಯಸ್ಸು 61. ಇಪ್ಪತ್ತು ವರ್ಷ ಶಾಲೆಯ ಮಕ್ಕಳ ಜೊತೆ ಕಾಗದದ ಗೊಂಬೆಗಳನ್ನು ಮಾಡಿ ಆಡಿಸಿದ್ದೇನೆ, ಅದರಿಂದ ಹಣ ಗಳಿಸಿದವಳಲ್ಲ. ಜುಲೈ ತಿಂಗಳಲ್ಲಿ ಬಾಸ್ಟನ್ ಬಳಿಯಿರುವ ಮಗಳ ಮನೆಗೆ ಹೋಗುತ್ತಿದ್ದೇನೆ. ಬಿ1/ಬಿ2 ವೀಸಾ (ವ್ಯವಹಾರದ ಭೇಟಿಗೆ ಬಿ1, ಪ್ರವಾಸಕ್ಕೆ ಬಿ2) ಇದೆ. ವರ್ಮಾಂಟ್ ರಾಜ್ಯದ ‘ಬ್ರೆಡ್ ಅಂಡ್ ಪಪೆಟ್’ ನಾಟಕ ತಂಡದವರು ಹಳ್ಳಿಯೊಂದರ ತೋಟದಲ್ಲಿ ಕೂಡಿ ಬದುಕುತ್ತಾರೆಂದು ಕೇಳಿದ್ದೇನೆ. ಅಲ್ಲಿ ಮೂರು ವಾರ ಇದ್ದು, ಊಟ-ವಸತಿಗೆ ಬದಲಾಗಿ ಅಡುಗೆಮನೆಯಲ್ಲೋ ಗೊಂಬೆ ಕಟ್ಟುವಲ್ಲೋ ದುಡಿಯಬೇಕೆಂಬ ಆಸೆ. ಮಗಳು ಬೇಡವೇ ಬೇಡ ಎನ್ನುತ್ತಾಳೆ. ಏನು ಮಾಡಲಿ?

ಉತ್ತರ: ನಿಮ್ಮ ಆಸೆಯ ಪರವಾಗಿಯೇ ನಾನು ಮಾತನಾಡುತ್ತೇನೆ, ಆದರೆ ‘ಊಟ-ವಸತಿಗೆ ಬದಲಾಗಿ’ ಎಂದು ನೀವು ಬರೆದಿರುವ ಮಾತನ್ನು ಮೊದಲು ಅಳಿಸಿಬಿಡಬೇಕು. ನಮ್ಮ ಕಡೆ ಯಾರದೋ ಮನೆಯಲ್ಲಿ ನಾಲ್ಕು ದಿನ ಉಳಿದವರು ಕೈಕಟ್ಟಿ ಕೂರುವುದಿಲ್ಲ. ಸೊಪ್ಪು ಸೋಸುತ್ತಾರೆ, ಅಂಗಳ ಗುಡಿಸುತ್ತಾರೆ, ಅದನ್ನು ಯಾರೂ ಕೂಲಿಯೆಂದು ಲೆಕ್ಕ ಹಿಡಿಯುವುದಿಲ್ಲ. ಅಮೆರಿಕದ ವಲಸೆ ಕಾನೂನಿನ ಕಣ್ಣು ಬೇರೆ. ಅಲ್ಲಿನ ಸರ್ಕಾರವು ಉದ್ಯೋಗದಾತರಿಗೆಂದು ಹೊರಡಿಸಿರುವ ಕೈಪಿಡಿಯಲ್ಲಿ ‘ಸಂಭಾವನೆ’ ಎಂದರೆ ದುಡಿಮೆಗೆ ಪ್ರತಿಯಾಗಿ ಕೊಡುವ ಬೆಲೆಯುಳ್ಳ ಯಾವುದೇ ವಸ್ತು, ಊಟ ಮತ್ತು ವಸತಿಯೂ ಅದರಲ್ಲಿ ಸೇರುತ್ತವೆ ಎಂದೇ ವಿವರಿಸಲಾಗಿದೆ. ಹಾಗಾಗಿ ದಿನಕ್ಕೆ ಐದು ಗಂಟೆ ದುಡಿಮೆ, ಬದಲಿಗೆ ಹಾಸಿಗೆ ಮತ್ತು ಮೂರು ಹೊತ್ತಿನ ಊಟ ಎಂಬ ಒಪ್ಪಂದವು, ಒಂದು ಡಾಲರ್ ಕೈ ಬದಲಾಗದಿದ್ದರೂ, ಪ್ರವಾಸಿ ವೀಸಾದವರು ಮಾಡಬಾರದ ಕೆಲಸವಾಗಿ ಪರಿಗಣಿತವಾಗುವ ಅಪಾಯವಿದೆ. ಅಂಥ ಒಪ್ಪಂದದ ಮಿಂಚಂಚೆಯೊಂದು ನಿಮ್ಮ ಫೋನಿನಲ್ಲಿದ್ದು, ವಿಮಾನನಿಲ್ದಾಣದ ಅಧಿಕಾರಿ ಫೋನನ್ನು ನೋಡಬಯಸಿದರೆ (ಅವರಿಗೆ ಆ ಅಧಿಕಾರವಿದೆ), ಮಗಳ ಮನೆಯನ್ನೂ ಕಾಣದೆ ಹಿಂದಿರುಗಬೇಕಾಗಬಹುದು. ನಿಮ್ಮ ಮಗಳ ಹೆದರಿಕೆ ಇದೇ ಆಗಿದ್ದರೆ ಅದು ಸಕಾರಣವಾದ ಹೆದರಿಕೆ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಬಿ2 ವರ್ಗದಲ್ಲಿ ಊರು ನೋಡುವುದು, ಬಂಧುಗಳ ಮನೆಯಲ್ಲಿರುವುದು, ಪದವಿಗೆ ಸಂಬಂಧಿಸದ ಚಿಕ್ಕ ಹವ್ಯಾಸಿ ತರಗತಿಗೆ ಸೇರುವುದು, ಹವ್ಯಾಸಿಗಳು ಹಣ ಪಡೆಯದೆ ಸಂಗೀತ, ಆಟೋಟ ಮುಂತಾದ ಕಾರ್ಯಕ್ರಮಗಳಲ್ಲಿ ಪಾಲ್ಗೊಳ್ಳುವುದು, ಇವೆಲ್ಲ ಅನುಮತಿಯೊಳಗೇ ಇವೆ. ನೀವು ಗೊಂಬೆಯಾಟವನ್ನು ವೃತ್ತಿಯಾಗಿ ಮಾಡಿದವರಲ್ಲ ಎಂಬುದು ಇಲ್ಲಿ ನಿಮ್ಮ ಪಾಲಿಗೆ ಒಳ್ಳೆಯದೇ ಆಯಿತು. ವೃತ್ತಿ ಕಲಾವಿದರು ಹಣ ತೆಗೆದುಕೊಳ್ಳದೆ ರಂಗಕ್ಕೇರಿದರೂ ಪ್ರವಾಸಿ ವೀಸಾ ಸಾಲದೆಂಬ ಪ್ರಶ್ನೆ ಏಳುತ್ತದೆ. ಯಕ್ಷಗಾನದ, ತೊಗಲುಗೊಂಬೆಯ ಮೇಳಗಳನ್ನು ಪ್ರದರ್ಶನಕ್ಕೆಂದು ಕರೆಸಿಕೊಳ್ಳುವವರು ಪಿ-3 ಎಂಬ ಬೇರೆಯದೇ ವೀಸಾಕ್ಕೆ ಅಲ್ಲಿಂದಲೇ ಅರ್ಜಿ ಹಾಕಬೇಕು. ಮಾನ್ಯತೆ ಪಡೆದ ದತ್ತಿ ಸಂಸ್ಥೆಗಳಲ್ಲಿ ಸ್ವಯಂಸೇವೆ ಮಾಡಲು ಬಿ1 ವರ್ಗದಲ್ಲಿ ಒಂದು ಕಿರುದಾರಿಯೂ ಇದೆ. ಆದರೆ ಅದಕ್ಕೆ ಸಂಸ್ಥೆಯ ಪತ್ರ, ಸೇವೆಯ ಸ್ವರೂಪ, ಅವಧಿ ಎಲ್ಲವೂ ಕಾಗದದಲ್ಲಿರಬೇಕು, ಗಡಿಯ ಅಧಿಕಾರಿ ಒಪ್ಪಬೇಕು. ಮಗಳ ಮನೆಗೆಂದು ಹೊರಟವರು ಮೂರು ವಾರದ ಆಸೆಗಾಗಿ ಆ ಗೊಂದಲಕ್ಕೆ ಕೈಹಾಕುವುದನ್ನು ನಾನು ಒಪ್ಪಲಾರೆ. ಒಟ್ಟಿನಲ್ಲಿ, ಉಳಿಯುವ ಜಾಗಕ್ಕೆ ನೀವೇ ಹಣ ಕೊಟ್ಟು, ಊಟಕ್ಕೆ ನಿಮ್ಮ ಪಾಲು ಸಲ್ಲಿಸಿ, ನೋಡುವವರಾಗಿ ಕಲಿಯುವವರಾಗಿ ಹೋಗಿ. ಉಂಡ ತಟ್ಟೆಯನ್ನು ತೊಳೆದಿಟ್ಟರೆ ಯಾವ ಕಾನೂನೂ ಬೇಡವೆನ್ನುವುದಿಲ್ಲ. ಅಧಿಕಾರಿ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ: ಮಗಳ ಮನೆಗೆ ಬಂದಿದ್ದೇನೆ, ವರ್ಮಾಂಟ್‌ನಲ್ಲಿ ಗೊಂಬೆಯಾಟ ನೋಡಲಿದ್ದೇನೆ.

ಈಗ ಆ ಜಾಗದ ವಿಷಯ. ಅದನ್ನು ಕಮ್ಯೂನ್ ಎಂದು ಕರೆಯುವವರಿದ್ದಾರೆ. ನನಗೆ ಆ ಪದ ಅಷ್ಟು ಸರಿಯೆನಿಸುವುದಿಲ್ಲ. ಆಸ್ತಿಯನ್ನೆಲ್ಲ ಒಟ್ಟುಹಾಕಿ ಬದುಕುವ ಪಂಥ ಅದಲ್ಲ. ಒಂದು ನಾಟಕ ತಂಡ, ತಾನು ನೆಲೆಸಿದ ತೋಟದಲ್ಲಿ ದುಡಿಮೆ, ಊಟ, ತಾಲೀಮು ಮೂರನ್ನೂ ಒಂದೇ ದಿನಚರಿಯೊಳಗೆ ಹೆಣೆದುಕೊಂಡಿದೆ. ಪೀಟರ್ ಶೂಮನ್ ಅವರು 1934ರಲ್ಲಿ ಆಗಿನ ಜರ್ಮನಿಯ ಸೈಲೀಸಿಯಾ ಪ್ರಾಂತದಲ್ಲಿ ಹುಟ್ಟಿದವರು, ಶಿಲ್ಪ ಮತ್ತು ನೃತ್ಯ ಎರಡರಲ್ಲೂ ಕೈಯಾಡಿಸಿದವರು. 1963ರಲ್ಲಿ ನ್ಯೂಯಾರ್ಕ್ ನಗರದ ಲೋವರ್ ಈಸ್ಟ್ ಸೈಡ್ ಎಂಬ ಬಡ ವಲಸಿಗರ ಕೇರಿಯಲ್ಲಿ ಈ ತಂಡವನ್ನು ಕಟ್ಟಿದರು. ವಿಯೆಟ್ನಾಂ ಯುದ್ಧದ ವಿರುದ್ಧ ನಡೆದ ಮೆರವಣಿಗೆಗಳಲ್ಲಿ ಅವರ ಆಳೆತ್ತರದ, ಎರಡಾಳೆತ್ತರದ ಗೊಂಬೆಗಳು ಹೊರಟಾಗ ತಂಡದ ಹೆಸರು ಹರಡಿತು. 1970ರಲ್ಲಿ ವರ್ಮಾಂಟ್‌ನ ಗಾಡರ್ಡ್ ಕಾಲೇಜು ಅವರನ್ನು ಕರೆಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಅವರು ಇನ್ನೂ ಉತ್ತರಕ್ಕೆ, ಗ್ಲೋವರ್ ಎಂಬ ಹಳ್ಳಿಯ ಹಳೆಯ ಹೈನು ತೋಟಕ್ಕೆ ಬಂದು ನೆಲೆಸಿದರು. ಪೀಟರ್ ಅವರ ಪತ್ನಿ ಎಲ್ಕಾ ಅವರ ಮನೆತನಕ್ಕೆ ಸೇರಿದ್ದ ತೋಟ ಅದು. ಪೇಟೆ ಬಿಟ್ಟು ತಮ್ಮ ಅನ್ನ ತಾವೇ ಬೆಳೆದುಕೊಂಡು ಬದುಕಬೇಕೆಂದು 1932ರಲ್ಲಿ ವರ್ಮಾಂಟ್‌ಗೆ ಬಂದು ಪ್ರಸಿದ್ಧರಾದ ಸ್ಕಾಟ್ ನಿಯರಿಂಗ್ ಈ ಎಲ್ಕಾ ಅವರ ಅಜ್ಜ. ಎಲ್ಕಾ 2021ರಲ್ಲಿ ತೀರಿಕೊಂಡರು. ತಂಡದ ಮುದ್ರಣ, ವಸ್ತುಸಂಗ್ರಹಾಲಯ, ಮನೆಯ ಲೆಕ್ಕ ಎಲ್ಲದರ ಬೆನ್ನೆಲುಬಾಗಿ ಬಹುಕಾಲ ಇದ್ದವರು ಅವರು.

ನೀವು ಸಾಗರದವರಾದ್ದರಿಂದ ಹೆಗ್ಗೋಡಿನ ಹೋಲಿಕೆ ಮನಸ್ಸಿಗೆ ಬಂದೇ ಬರುತ್ತದೆ. 1949ರಲ್ಲಿ ಹುಟ್ಟಿದ ನೀನಾಸಮ್ ಕೂಡ ನಾಟಕವನ್ನು ಪೇಟೆಯಿಂದ ಅಡಿಕೆ ತೋಟದ ಊರಿಗೆ ತಂದದ್ದೇ. ಆದರೆ ಹೋಲಿಕೆಯನ್ನು ತುಂಬ ದೂರ ಎಳೆಯಬೇಡಿ. ಹೆಗ್ಗೋಡಿನಲ್ಲಿ ಊರಿನವರೇ ಕಟ್ಟಿದ ಸಂಸ್ಥೆಯಿದೆ. ಶಿಬಿರಕ್ಕೆ ಹೋದರೆ ನಿಮಗೊಂದು ಚಾಪೆ, ಊಟದ ಹೊತ್ತು, ಗೋಷ್ಠಿಯ ವೇಳಾಪಟ್ಟಿ ಎಲ್ಲ ಮೊದಲೇ ಗೊತ್ತಿರುತ್ತದೆ. ಗ್ಲೋವರ್‌ನಲ್ಲಿ ಹೊರಗಿನಿಂದ ಬಂದ ಒಂದು ತಂಡ ಒಬ್ಬ ಕಲಾವಿದನ ಕಲಾಶೈಲಿಯ ಸುತ್ತ ಬೆಳೆದಿದೆ. ಅಲ್ಲಿ ಅತಿಥಿ ಸತ್ಕಾರದ ವಿಭಾಗ ಎಂಬುದಿಲ್ಲ. ಮದರಾಸಿನ ಬಳಿಯ ಚೋಳಮಂಡಲ ಕಲಾಗ್ರಾಮವನ್ನು 1966ರಲ್ಲಿ ಕಟ್ಟಿದಾಗ, ಮೈಸೂರಿನಲ್ಲಿ ಹುಟ್ಟಿದ ಎಸ್. ಜಿ. ವಾಸುದೇವ್ ಅವರೂ ಸೇರಿದಂತೆ, ಕಲಾವಿದರು ಕರಕುಶಲ ವಸ್ತುಗಳನ್ನು ಮಾಡಿ ಮಾರಿ ಅದರಿಂದ ಬದುಕಿ, ಚಿತ್ರವನ್ನು ಮಾರುಕಟ್ಟೆಯ ಹಂಗಿನಿಂದ ತಪ್ಪಿಸಲು ನೋಡಿದರಲ್ಲ, ಆ ಚಿಂತನೆಗೆ ಗ್ಲೋವರ್ ಹೆಚ್ಚು ಹತ್ತಿರ. ಗ್ಲೋವರ್‌ನವರು ಅದನ್ನು ಇನ್ನೊಂದು ತುದಿಗೆ ಒಯ್ದರು: 1984ರಲ್ಲಿ ‘ಅಗ್ಗದ ಕಲೆ’ಯ ಘೋಷಣಾಪತ್ರವನ್ನು ಅಚ್ಚು ಹಾಕಿ, ಹಳೆಯ ರಟ್ಟು, ಬಟ್ಟೆ, ಕಾಗದದ ಮೇಲಿನ ಚಿತ್ರಗಳನ್ನು ಚಿಲ್ಲರೆ ಕಾಸಿಗೆ ಮಾರತೊಡಗಿದರು. ಈಗಲೂ ಅಲ್ಲಿಗೆ ಹೋದವರು ಬರಿಗೈಯಲ್ಲಿ ಬರುವುದು ಕಡಿಮೆ. ಅಂಗಡಿಯಲ್ಲಿ ಭಿತ್ತಿಪತ್ರ ಕೊಳ್ಳುವುದು ತಂಡವನ್ನು ಬೆಂಬಲಿಸುವ ಅತ್ಯಂತ ಸರಳವಾದ, ವೀಸಾದ ಯಾವ ತಕರಾರೂ ಇಲ್ಲದ ದಾರಿ.

ವಸ್ತುಸಂಗ್ರಹಾಲಯವನ್ನು ತಪ್ಪಿಸಿಕೊಳ್ಳಬೇಡಿ, ಅದಕ್ಕೆ ಅರ್ಧ ದಿನ ಬೇಕು. 1863ರಲ್ಲಿ ಕಟ್ಟಿದ ದನದ ಕೊಟ್ಟಿಗೆಯದು. ಕೆಳಗೆ ದನ ಕಟ್ಟುತ್ತಿದ್ದ ಜಾಗ, ಮೇಲೆ ಹುಲ್ಲು ಒಟ್ಟುತ್ತಿದ್ದ ವಿಶಾಲವಾದ ಅಟ್ಟ. ಅಟ್ಟ ಹತ್ತಿ ನಿಂತಾಗ ನನಗೆ ಮೊದಲು ತಟ್ಟಿದ್ದು ವಾಸನೆ: ಒಣಹುಲ್ಲು, ಹಳೆಯ ಕಾಗದ, ತೊಲೆಗಳ ಮರ, ಮೂರೂ ಬೆರೆತ, ನಮ್ಮ ಹಳೆಮನೆಗಳ ನಾಗಂದಿಗೆಯ ಮೇಲಿನ ಪೆಟ್ಟಿಗೆ ತೆರೆದಂಥ ವಾಸನೆ. ಕಣ್ಣು ಕತ್ತಲಿಗೆ ಹೊಂದಿದ ಮೇಲೆ ಮುಖಗಳು ಕಾಣತೊಡಗಿದವು. ನೆಲದಿಂದ ಸೂರಿನವರೆಗೆ, ಒಂದರ ಹೆಗಲ ಮೇಲೆ ಇನ್ನೊಂದು ನಿಂತಂತೆ, ಮಣ್ಣಿನ ಬಣ್ಣದ ನೂರಾರು ಮುಖಗಳು. ಕೆಲವಕ್ಕೆ ಇಲಿ ಕಡಿದಿದೆ, ಕೆಲವುಗಳ ಮೂಗಿನ ಕಾಗದ ಪದರ ಪದರವಾಗಿ ಎದ್ದಿದೆ. ಗಾಜಿನ ಪೆಟ್ಟಿಗೆ ಇಲ್ಲ, ತೇವ ಹೀರುವ ಯಂತ್ರ ಇಲ್ಲ. ಸವೆದು ಹೋಗುವುದೂ ಗೊಂಬೆಯ ಆಯುಷ್ಯದ ಭಾಗವೆಂದು ಅವರು ಬಿಟ್ಟುಬಿಟ್ಟಿದ್ದಾರೆ. ಒಂದು ಹರಿದ ಕೆನ್ನೆಯ ಒಳಮಗ್ಗುಲನ್ನು ಬಾಗಿ ನೋಡಿದೆ: ಜೇಡಿಮಣ್ಣಿನ ಅಚ್ಚಿನ ಮೇಲೆ ಕಂದು ಕಾಗದವನ್ನು ಪಟ್ಟಿ ಪಟ್ಟಿಯಾಗಿ ಅಂಟಿಸಿ, ಒಣಗಿದ ಮೇಲೆ ಮಣ್ಣಿನಿಂದ ಬಿಡಿಸಿದ ಗುರುತು. ಅವರು ಬಳಸುವುದು ಮೆಕ್ಕೆಜೋಳದ ನುಣುಪು ಹಿಟ್ಟನ್ನು ಕಾಸಿದ ಅಂಟು. ನೀವು ಶಾಲೆಯಲ್ಲಿ ಮೈದಾ ಕಾಸಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿರುತ್ತೀರಿ. ಅವರೊಡನೆ ಮಾತಿಗೆ ಕೂರಲು ಇಂಗ್ಲಿಷಿಗಿಂತ ಈ ಅಂಟಿನ ವಿಷಯವೇ ಒಳ್ಳೆಯ ಪೀಠಿಕೆ.

ಇನ್ನೊಂದು ವಿಷಯವೂ ನಿಮ್ಮ ಕೈಯಲ್ಲಿದೆ. ಮೈಸೂರು ಸೀಮೆಯ ಗಾರುಡಿ ಗೊಂಬೆ, ತಟ್ಟಿರಾಯ ಎಂದೆಲ್ಲ ಕರೆಯುವ ಬಿದಿರು ಹಂದರದ ದೈತ್ಯನ ಒಳಗೆ ಒಬ್ಬನೇ ಮನುಷ್ಯ ಹೊಕ್ಕು, ಎದೆಯ ಕಿಂಡಿಯಿಂದ ದಾರಿ ನೋಡುತ್ತ, ಡೊಳ್ಳಿನ ಪೆಟ್ಟಿಗೆ ಇಡೀ ಭಾರವನ್ನು ತಿರುಗಿಸುತ್ತಾನೆ. ಶೂಮನ್ ಅವರ ದೊಡ್ಡ ಗೊಂಬೆಗಳಲ್ಲಿ ತಲೆಗೊಬ್ಬ, ಕೈಗೊಬ್ಬ, ಬಟ್ಟೆಯ ಮಡಿಕೆ ಹಿಡಿಯಲು ಇನ್ನೂ ಒಂದಿಬ್ಬರು ಗಳುಗಳನ್ನೆತ್ತಿ ನಡೆಯುತ್ತಾರೆ. ಎಲ್ಲರೂ ಕೂಡಿ ಒಬ್ಬನೇ ಮನುಷ್ಯನಾಗುವುದೇ ಅಲ್ಲಿನ ವಿದ್ಯೆ. ತಟ್ಟಿರಾಯನ ಹತ್ತಿಪ್ಪತ್ತು ಒಳ್ಳೆಯ ಚಿತ್ರಗಳನ್ನು, ಹಂದರದ ಒಳಭಾಗವೂ ಕಾಣುವಂತೆ, ಮುದ್ರಿಸಿ ಒಯ್ಯಿರಿ. ತೊಗಲುಗೊಂಬೆಯನ್ನು ಮಾತ್ರ ಉಡುಗೊರೆಯೆಂದು ಒಯ್ಯಬೇಡಿ: ಹಳೆಯವು ಜಿಂಕೆಯ ಚರ್ಮದವಾಗಿದ್ದರೆ ನಮ್ಮ ವನ್ಯಜೀವಿ ಕಾನೂನಿನ ತೊಡಕು, ಆಡಿನ ಚರ್ಮದವಾಗಿದ್ದರೂ ಅಲ್ಲಿನ ತಪಾಸಣೆಯಲ್ಲಿ ವಿವರಣೆಯ ಕಷ್ಟ. ಚೀಲದಲ್ಲಿ ಕರಿಬೇವಿನ ಸೊಪ್ಪೂ ಬೇಡ. ಕಿತ್ತಳೆ-ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರ ಮೇಲಿರುತ್ತದೆಂದು ಅಮೆರಿಕ ಅದನ್ನು ತಡೆಯುತ್ತದೆ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೆ ತಂಡದ ಹೆಸರಿನಲ್ಲೇ ಊಟವಿದೆ. ಆಟ ಮುಗಿದ ಮೇಲೆ ನೋಡಲು ಬಂದವರಿಗೆಲ್ಲ ಬ್ರೆಡ್ ಹಂಚುವುದು ಮೊದಲಿನಿಂದಲೂ ನಡೆದುಬಂದ ಪದ್ಧತಿ. ರೈ ಎಂಬ ಧಾನ್ಯದ ದಪ್ಪ ಹಿಟ್ಟನ್ನು ಹುಳಿ ಬರಿಸಿ ಸುಟ್ಟ, ತಾಯಿಯ ಕೈಯಿಂದ ಪೀಟರ್ ಕಲಿತ ಬ್ರೆಡ್ ಅದು. ಮೇಲೆ ಬೆಳ್ಳುಳ್ಳಿ ಅರೆದ ಐಯೋಲಿ ಎಂಬ ಗೊಜ್ಜು ಸವರಿಕೊಡುತ್ತಾರೆ. ಅಂಗಡಿಯ ಮೆತ್ತಗಿನ ಬ್ರೆಡ್ ಎಂದುಕೊಂಡು ಬಾಯಿಗಿಟ್ಟರೆ ಹಲ್ಲು ಬೆಚ್ಚುತ್ತದೆ. ಅದನ್ನು ನುಂಗಲಾಗದು, ಅಗಿಯಲೇಬೇಕು. ನಾಲ್ಕನೆಯ ತುತ್ತಿಗೆ ಹುಳಿ ಇಳಿದು ಧಾನ್ಯದ ಸಿಹಿ ಮೇಲೆ ಬರುತ್ತದೆ. ಐಯೋಲಿಗೆ ಮೊಟ್ಟೆ ಹಾಕುವ ಪದ್ಧತಿ ಸಾಮಾನ್ಯವಾಗಿ ಇರುವುದರಿಂದ, ನೀವು ಮೊಟ್ಟೆ ತಿನ್ನದವರಾದರೆ ಒಂದು ಮಾತು ಕೇಳಿ ತೆಗೆದುಕೊಳ್ಳಿ. ಉಳಿದಂತೆ ಸಸ್ಯಾಹಾರಿಗಳು ಅಲ್ಲಿ ಉಪವಾಸ ಬೀಳುವುದಿಲ್ಲ.

ಮೂರು ವಾರ ತೋಟದಲ್ಲೇ ಉಳಿಯುವುದಕ್ಕೆ ನನ್ನ ಇನ್ನೊಂದು ಆಕ್ಷೇಪ ದೇಹದ್ದು. ಬೇಸಿಗೆಯಲ್ಲಿ ಅಲ್ಲಿ ಉಳಿದು ಕಲಿಯುವವರು ಬಹುಪಾಲು ಇಪ್ಪತ್ತರ ಹರೆಯದವರು. ಡೇರೆಗಳಲ್ಲಿ, ಹಳೆಯ ಬಸ್ಸುಗಳಲ್ಲಿ ಮಲಗುತ್ತಾರೆ, ಹೊರಗಿನ ಕಕ್ಕಸು ಬಳಸುತ್ತಾರೆ. ಹಗಲು ನಮ್ಮ ಮಲೆನಾಡಿನ ಡಿಸೆಂಬರ್ ಬಿಸಿಲಿನಂತಿದ್ದರೂ ರಾತ್ರಿ ಜುಲೈನಲ್ಲೇ 10 ಡಿಗ್ರಿಯ ಸಮೀಪಕ್ಕೆ ಇಳಿಯುವುದುಂಟು. ನಾನು ಒಮ್ಮೆ ಯುರೋಪಿನ ಒಂದು ಕಲಾವಿದರ ತೋಟಕ್ಕೆ, ‘ಸರಳವಾದ ಕೋಣೆ, ಹಗುರವಾದ ಮನೆಗೆಲಸ’ ಎಂಬ ಪತ್ರ ನಂಬಿ ಹೋಗಿದ್ದೆ. ಕೋಣೆಯೆಂದರೆ ಏಣಿ ಹತ್ತಬೇಕಾದ ಅಟ್ಟ. ಹಗುರವಾದ ಮನೆಗೆಲಸವೆಂದರೆ ಬೆಳಗಿನ ಏಳರಿಂದ ನಲವತ್ತು ಜನರ ಪಾತ್ರೆ. ಹತ್ತು ದಿನದಲ್ಲಿ ನಾನು ಒಂದೇ ಒಂದು ತಾಲೀಮು ನೋಡಿದೆ, ಅದೂ ಅಡುಗೆಮನೆಯ ಕಿಟಕಿಯಿಂದ. ಅವರು ಮೋಸಗಾರರೇನಲ್ಲ, ದುಡಿಯುವ ಕೈಗಳಿಗಾಗಿ ಕಾದಿರುವ ಜಾಗಕ್ಕೆ ನೋಡುವ ಕಣ್ಣು ಹೊತ್ತು ಹೋದದ್ದು ನನ್ನ ತಪ್ಪು. ಎಷ್ಟು ಗಂಟೆ, ಯಾವ ಕೆಲಸ, ಮಲಗುವುದು ಎಲ್ಲಿ, ಬಚ್ಚಲು ಎಷ್ಟು ದೂರ ಎಂದು ಮೊದಲೇ ಕೇಳಲು ನಾಚಿಕೊಂಡವರು ಆಮೇಲೆ ಮುಖ ಗಂಟಿಕ್ಕಿಕೊಂಡು ತಿರುಗುತ್ತಾರೆ.

ಆದ್ದರಿಂದ ನೀವು ಹೀಗೆ ಮಾಡಿ. ಜುಲೈ, ಆಗಸ್ಟ್ ತಿಂಗಳ ವಾರಾಂತ್ಯಗಳಲ್ಲಿ, ಮುಖ್ಯವಾಗಿ ಭಾನುವಾರ, ತೋಟದಲ್ಲಿ ಆಟಗಳಿರುತ್ತವೆ. ಮೊದಲ ಭಾನುವಾರಕ್ಕೆ ಮಗಳೊಡನೆ ಕಾರಿನಲ್ಲಿ ಹೋಗಿ. ಬಾಸ್ಟನ್‌ನಿಂದ ಸುಮಾರು ಮೂರು ಗಂಟೆಯ ದಾರಿ, ಬಸ್ಸು ರೈಲುಗಳನ್ನು ನೆಚ್ಚುವ ಹಾಗಿಲ್ಲ. ವರ್ಮಾಂಟ್ 1968ರಲ್ಲೇ ರಸ್ತೆಬದಿಯ ಜಾಹೀರಾತು ಫಲಕಗಳನ್ನು ನಿಷೇಧಿಸಿದ ರಾಜ್ಯ. ದಾರಿ ಚೆನ್ನ, ಆದರೆ ತಿರುವು ತಪ್ಪುವುದೂ ಸುಲಭ. ಹಿಂದೆ ಹಳೆಯ ಜಲ್ಲಿಗುಂಡಿಯೊಂದೇ ಬಯಲು ರಂಗಮಂದಿರವಾಗಿತ್ತು. 1998ರವರೆಗೆ ವರ್ಷಕ್ಕೊಮ್ಮೆ ನಡೆಯುತ್ತಿದ್ದ ದೊಡ್ಡ ಗೊಂಬೆ ಸರ್ಕಸ್ಸಿಗೆ ಸಾವಿರದ ನೂರು ಜನರ ಈ ಊರಿಗೆ ಹತ್ತಾರು ಸಾವಿರ ಜನ ಬಂದು ಸೇರುತ್ತಿದ್ದರು. ಆ ವರ್ಷ ಸಮೀಪದ ಡೇರೆಮೈದಾನದಲ್ಲಿ ನಡೆದ ಜಗಳದಲ್ಲಿ ಒಬ್ಬರು ಸತ್ತ ಮೇಲೆ ಶೂಮನ್ ಆ ಜಾತ್ರೆಯನ್ನೇ ನಿಲ್ಲಿಸಿಬಿಟ್ಟರು. ಈಗಿನವು ಚಿಕ್ಕ ಆಟಗಳು, ನಿಮ್ಮಂಥವರಿಗೆ ಅದೇ ವಾಸಿ. ಆಟದ ನಂತರ ಪೈನ್ ಮರಗಳ ತೋಪಿಗೆ ಹೋಗಿ ಬನ್ನಿ. ತೀರಿಕೊಂಡ ಗೊಂಬೆಯಾಟದವರ ಮತ್ತು ಗೆಳೆಯರ ನೆನಪಿಗೆ ಕಟ್ಟಿದ ಪುಟ್ಟ ಪುಟ್ಟ ಮನೆಗಳು ಅಲ್ಲಿ ಮರಗಳ ಬುಡದಲ್ಲಿವೆ.

ಅದು ಮನಸ್ಸಿಗೆ ಹಿಡಿಸಿದರೆ ಹತ್ತಿರದ ಊರಿನಲ್ಲಿ ಬಾಡಿಗೆ ಕೋಣೆ ಹಿಡಿದು ಒಂದು ವಾರ ಇರಿ, ಮೂರು ಬೇಡ. ಭಾನುವಾರದ ಆಟಕ್ಕೆ ಸ್ಥಳೀಯ ಹವ್ಯಾಸಿಗಳನ್ನು ಸೇರಿಸಿಕೊಳ್ಳುವ ರೂಢಿ ಅಲ್ಲಿದೆ. ತಾಲೀಮಿಗೆ ಬರಬಹುದೆ ಎಂದು ತಂಡಕ್ಕೆ ಮೊದಲೇ ಪತ್ರ ಬರೆದು, ನೀವು ಪ್ರವಾಸಿ ವೀಸಾದಲ್ಲಿರುವಿರಿ, ಹಣವನ್ನಾಗಲಿ ವಸತಿಯನ್ನಾಗಲಿ ಬಯಸುತ್ತಿಲ್ಲ ಎಂಬುದನ್ನು ಮೊದಲ ಸಾಲಿನಲ್ಲೇ ತಿಳಿಸಿ. ಒಂದು ವಿಷಯವನ್ನು ನೀವೇ ತೂಗಿ ನೋಡಬೇಕು: ಅವರ ಆಟ ಮುಚ್ಚುಮರೆಯಿಲ್ಲದ ರಾಜಕೀಯದ ಆಟ, ಯುದ್ಧವನ್ನೂ ಸರ್ಕಾರವನ್ನೂ ಹೆಸರಿಟ್ಟು ಬೈಯುತ್ತಾರೆ. ನೋಡುವುದು ಬೇರೆ, ಮುಖವಾಡ ಹೊತ್ತು ಪೇಟೆಯ ಮೆರವಣಿಗೆಯಲ್ಲಿ ನಡೆಯುವುದು ಬೇರೆ; ಪರದೇಶದ ವೀಸಾ ಕೈಯಲ್ಲಿರುವವರು ಎರಡನೆಯದಕ್ಕೆ ಹೂಂ ಅನ್ನುವ ಮೊದಲು ಆಟದಲ್ಲಿ ಏನಿದೆಯೆಂದು ಕೇಳಿ ತಿಳಿದುಕೊಳ್ಳಲಿ. ಹಾಡುವ ಆಸೆಯಿದ್ದರೆ ಅದಕ್ಕೆ ಈ ತಾಪತ್ರಯವಿಲ್ಲ. ನಾಲ್ಕು ದನಿಯವರು ಚೌಕವಾಗಿ ಎದುರುಬದುರು ಕುಳಿತು, ಸ್ವರಗಳಿಗೆ ಬೇರೆ ಬೇರೆ ಆಕಾರದ ಗುರುತಿರುವ ಪುಸ್ತಕ ನೋಡಿ ಗಂಟಲು ಬಿಚ್ಚಿ ಹಾಡುವ ಹಳೆಯ ಪದ್ಧತಿಯೊಂದನ್ನು ಈ ತಂಡ ಉಳಿಸಿಕೊಂಡಿದೆ. ಕೇಳುಗರೆಂದು ಯಾರೂ ಇಲ್ಲದ ಹಾಡುಗಾರಿಕೆ ಅದು, ಶ್ರುತಿ ತಪ್ಪಿದರೂ ಯಾರೂ ತಿರುಗಿ ನೋಡುವುದಿಲ್ಲ.

ಇನ್ನು ಮೂರು ಎಚ್ಚರಿಕೆಗಳಿವೆ, ಮಗಳಿಗೂ ಓದಿ ಹೇಳಿ. ವರ್ಮಾಂಟ್‌ನಲ್ಲಿ ಗಾಂಜಾ ರಾಜ್ಯದ ಕಾನೂನಿಗೆ ಒಪ್ಪಿತ, ಅಂಗಡಿಯಲ್ಲೇ ಸಿಗುತ್ತದೆ. ಆದರೆ ವಲಸೆಯ ವಿಷಯದಲ್ಲಿ ನಡೆಯುವುದು ಕೇಂದ್ರದ ಕಾನೂನು, ಅದರ ಪ್ರಕಾರ ಅದು ಇಂದಿಗೂ ಅಪರಾಧ. ಬೆಂಕಿಯ ಸುತ್ತ ಕುಳಿತಾಗ ಯಾರಾದರೂ ಪ್ರೀತಿಯಿಂದ ಚಾಚಿದ್ದನ್ನು ಒಂದು ಸಲ ಸೇದಿ, ಮುಂದೆ ಯಾವತ್ತೋ ಅಧಿಕಾರಿಯ ಮುಂದೆ ಅದನ್ನು ಒಪ್ಪಿಕೊಂಡರೂ ಸಾಕು, ಆ ದೇಶದ ಬಾಗಿಲು ಮುಚ್ಚಬಹುದು. ಈ ವಯಸ್ಸಿನಲ್ಲಿ ಇದೆಂಥ ಬುದ್ಧಿವಾದ ಎಂದು ನಗಬೇಡಿ. ಬಿಸ್ಕತ್ತಿನೊಳಗೂ ಹಾಕಿರುತ್ತಾರೆ, ಕೇಳಿ ತಿನ್ನಿ. ಎರಡನೆಯದು ಗಡಿ. ಗ್ಲೋವರ್‌ನಿಂದ ಅರ್ಧ ಗಂಟೆ ಉತ್ತರಕ್ಕೆ ಹೋದರೆ ಕೆನಡಾ. ಡರ್ಬಿ ಲೈನ್ ಎಂಬ ಊರಿನಲ್ಲಿ ಹ್ಯಾಸ್ಕೆಲ್ ಗ್ರಂಥಾಲಯದ ಕಟ್ಟಡದೊಳಗೇ ಗಡಿಯ ಗೆರೆ ಎಳೆದಿದೆ. ನೋಡಲು ಹೋಗುವ ಮನಸ್ಸಾದರೆ, ಕೆನಡಾ ವೀಸಾ ಇಲ್ಲದ ನೀವು ಯಾವ ಬೀದಿಯ ಯಾವ ಬದಿಯಲ್ಲಿದ್ದೀರಿ ಎಂಬ ಅರಿವು ಇರಲಿ.

ಮೂರನೆಯದು ಉಣುಗು. ಮಂಗನ ಕಾಯಿಲೆಯ ಸೀಮೆಯವರಾದ ನಿಮಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಅಲ್ಲಿನ ಉಣುಗು ಹರಡುವುದು ಲೈಮ್ ಎಂಬ ಬೇರೆ ರೋಗವನ್ನು, ವರ್ಮಾಂಟ್ ಅದು ಹೆಚ್ಚಾಗಿರುವ ರಾಜ್ಯಗಳಲ್ಲೊಂದು. ಎತ್ತರದ ಹುಲ್ಲಿನಲ್ಲಿ ಕೂತು ಆಟ ನೋಡುವಾಗ ಉದ್ದ ತೋಳಿನ, ತಿಳಿ ಬಣ್ಣದ ಬಟ್ಟೆ ಹಾಕಿ, ಕಾಲುಚೀಲದೊಳಗೆ ಪ್ಯಾಂಟಿನ ತುದಿ ಸಿಕ್ಕಿಸಿ. ಸೀರೆ ಆ ದಿನಕ್ಕೆ ಬೇಡ. ರಾತ್ರಿ ಮೊಣಕಾಲ ಹಿಂದೆ, ಕಂಕುಳಲ್ಲಿ, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮ್ಮಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರ ಎಳೆಯಿರಿ, ಎಣ್ಣೆ ಸುಣ್ಣ ಹಚ್ಚಬೇಡಿ. ಮುಂದಿನ ಒಂದು ತಿಂಗಳೊಳಗೆ ಅಗಲವಾಗುತ್ತ ಹೋಗುವ ಕೆಂಪು ಬಳೆ ಕಾಣಿಸಿದರೆ ಅಥವಾ ಜ್ವರ ಬಂದರೆ ವೈದ್ಯರಿಗೆ ಉಣುಗಿನ ಮಾತನ್ನು ಹೇಳಿ. ಪ್ರಯಾಣ ವಿಮೆ ಕೊಳ್ಳುವಾಗ ಮೊದಲೇ ಇರುವ ಕಾಯಿಲೆಗಳನ್ನು ಮುಚ್ಚಿಡದೆ ಬರೆಸಿ.

ಪತ್ರವನ್ನು ಈ ವಾರವೇ ಬರೆಯಿರಿ, ಜೊತೆಗೆ ತಟ್ಟಿರಾಯನ ಒಂದು ಚಿತ್ರ ಇಡಿ. ಉತ್ತರ ತಡವಾದರೆ ಬೇಸರಿಸಬೇಡಿ, ಬೇಸಿಗೆಯಲ್ಲಿ ಅಲ್ಲಿನವರ ಕೈಗಳೆಲ್ಲ ಅಂಟಿನಲ್ಲಿರುತ್ತವೆ.